ದ್ವಾರದಲ್ಲಿ ಕಳೆದುಹೋಗುವ ಹನ್ನೆರಡು ನಿಮಿಷ

ಹಿತ್ತಾಳೆಯ ವಾದ್ಯಗಳೂ ನಗಾರಿಗಳೂ ಪತಾಕೆಗಳೂ ಕೂಡಿಕೊಂಡು, ವಿಶಾಲವಾದ ಬಯಲಿನಲ್ಲಿ ನಡೆನಡೆಯುತ್ತಲೇ ಹೊಮ್ಮುವ ಸಂಗೀತಕ್ಕೆ ಈ ಕಾಲದಲ್ಲಿ ಅತ್ಯಂತ ಪರಿಷ್ಕೃತವಾದ ನೆಲೆ ಯಾವುದೆಂದು ಯಾರಾದರೂ ಕೇಳಿದರೆ, ಅಮೆರಿಕದ ಇಂಡಿಯಾನಾಪೊಲಿಸ್ ನಗರದ ಕಡೆಗೆ ಕೈ ತೋರಬೇಕಾಗುತ್ತದೆ. ಆಗಸ್ಟ್ ತಿಂಗಳ ಪೂರ್ವಾರ್ಧದಲ್ಲಿ, ಗುರುವಾರದಿಂದ ಶನಿವಾರದವರೆಗೆ, ಅಲ್ಲಿಯ ಲೂಕಾಸ್ ಆಯಿಲ್ ಕ್ರೀಡಾಂಗಣದಲ್ಲಿ ಡ್ರಮ್ ಕೋರ್ ಇಂಟರ್‌ನ್ಯಾಷನಲ್ ಎಂಬ ಸಂಸ್ಥೆಯ ವಾರ್ಷಿಕ ಸ್ಪರ್ಧೆ ಜರುಗುತ್ತದೆ. ಕೊಳಲು, ಕ್ಲಾರಿನೆಟ್ ಮುಂತಾದ ವಾದ್ಯಗಳಿಗೆ ಅಲ್ಲಿ ಸ್ಥಾನವಿಲ್ಲ. ತುತ್ತೂರಿಯ ಕುಲಕ್ಕೆ ಸೇರಿದ ವಾದ್ಯಗಳು, ತಾಳವಾದ್ಯಗಳು, ಧ್ವಜ ಹಿಡಿದು ನರ್ತಿಸುವವರ ಒಂದು ತಂಡ, ಇವಿಷ್ಟೇ ಮುಖ್ಯ ಸಾಮಗ್ರಿ. ಸುಮಾರು 150 ಮಂದಿ ತರುಣ ತರುಣಿಯರು, ಕಣ್ಣೆದುರು ಸ್ವರಲಿಪಿಯ ಒಂದು ಹಾಳೆಯೂ ಇಲ್ಲದೆ, ಭಾರವಾದ ವಾದ್ಯಗಳನ್ನು ಹೆಗಲ ಮೇಲೆಯೋ ಎದೆಯ ಮೇಲೆಯೋ ಹೊತ್ತು, ಕ್ಷಣಕ್ಕೊಂದು ಆಕೃತಿಯನ್ನು ರಚಿಸಿ, ಅದನ್ನು ಕರಗಿಸಿ, ಮತ್ತೊಂದನ್ನು ಕಟ್ಟುತ್ತ, ಒಂದೇ ಉಸಿರಿನವರಂತೆ ನುಡಿಸುವ ಆ ದೃಶ್ಯವನ್ನು ಒಮ್ಮೆ ನೋಡಿದವನು, ಶಿಸ್ತಿಗೂ ಸೌಂದರ್ಯಕ್ಕೂ ವಿರೋಧವಿದೆಯೆಂಬ ಮಾತನ್ನು ಮುಂದೆಂದೂ ಒಪ್ಪಲಾರನು.

ಈ ಕಲೆಯ ಮೂಲ ಯುದ್ಧದಲ್ಲಿದೆ. ಮೊದಲನೆಯ ಮಹಾಯುದ್ಧ ಮುಗಿದು ಊರಿಗೆ ಮರಳಿದ ಅಮೆರಿಕದ ಸೈನಿಕರು, ತಮ್ಮ ನಿವೃತ್ತ ಯೋಧರ ಸಂಘಗಳ ಆಶ್ರಯದಲ್ಲಿ, ಸೈನ್ಯದಲ್ಲಿ ಬಳಸುತ್ತಿದ್ದ ಕಹಳೆಗಳನ್ನೂ ನಗಾರಿಗಳನ್ನೂ ಊರ ಹುಡುಗರ ಕೈಗಿತ್ತು ಕವಾಯತು ಕಲಿಸಿದರು. ಯುದ್ಧರಂಗದಲ್ಲಿ ಆಜ್ಞೆ ಸಾರುತ್ತಿದ್ದ ಧ್ವನಿ, ಶಾಂತಿಯ ಕಾಲದ ಬೀದಿಗಳಲ್ಲಿ ಹಬ್ಬದ ಧ್ವನಿಯಾಯಿತು. ದಶಕಗಳು ಉರುಳಿದ ಮೇಲೆ, ತಮ್ಮ ಕಲೆಯ ನಿಯಮಗಳನ್ನು ತಾವೇ ನಿರ್ಣಯಿಸಿಕೊಳ್ಳಬೇಕೆಂದು ಬಯಸಿದ ವೃಂದಗಳು ಸೇರಿ ತಮ್ಮದೇ ಆದ ಈ ಸಂಸ್ಥೆಯನ್ನು ಕಟ್ಟಿಕೊಂಡುವು. ಅದರ ಮೊದಲನೆಯ ಸ್ಪರ್ಧೆ 1972ರಲ್ಲಿ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಎಂಬ ಊರಿನಲ್ಲಿ ನಡೆದು, ಕ್ಯಾಲಿಫೋರ್ನಿಯದಿಂದ ಬಂದ ಅನಹೈಮ್ ಕಿಂಗ್ಸ್‌ಮೆನ್ ವೃಂದ ಜಯಶಾಲಿಯಾಯಿತು. 2009ರಿಂದ ಇಂಡಿಯಾನಾಪೊಲಿಸ್ ಅದರ ಸ್ಥಿರವಾದ ಯಾತ್ರಾಸ್ಥಳವಾಗಿದೆ.

ಯಾತ್ರೆಯೆಂಬ ಮಾತು ಅತಿಶಯೋಕ್ತಿಯಲ್ಲ. ಹದಿಹರೆಯದಿಂದ ಇಪ್ಪತ್ತೆರಡರ ಆಸುಪಾಸಿನವರೆಗಿನ ಈ ಮಕ್ಕಳು ಸಾವಿರಾರು ಡಾಲರುಗಳ ಶುಲ್ಕವನ್ನು ತಾವೇ ತೆತ್ತು, ಬೇಸಿಗೆಯ ರಜೆಯನ್ನೆಲ್ಲ ಈ ಒಂದು ಸಾಧನೆಗೆ ಧಾರೆಯೆರೆಯುತ್ತಾರೆ. ಹಗಲೆಲ್ಲ ಬಿಸಿಲಿನಲ್ಲಿ ಅಭ್ಯಾಸ, ಸಂಜೆ ಒಂದು ಊರಿನಲ್ಲಿ ಪ್ರದರ್ಶನ, ರಾತ್ರಿ ಬಸ್ಸಿನಲ್ಲಿ ಪ್ರಯಾಣ, ಮುಂಜಾವಿನಲ್ಲಿ ಮತ್ತಾವುದೋ ಶಾಲೆಯ ವ್ಯಾಯಾಮಶಾಲೆಯ ನೆಲದ ಮೇಲೆ ನಿದ್ದೆ. ಜೂನ್ ತಿಂಗಳ ಕೊನೆಯಿಂದ ಆಗಸ್ಟ್‌ವರೆಗೆ ಇದೇ ದಿನಚರಿ. ಅವರ ಹಿಂದೆಯೇ ಸಾಗುವ ಅಡುಗೆಯ ಲಾರಿಗಳಲ್ಲಿ ತಾಯಂದಿರೂ ತಂದೆಯರೂ ವೇತನವಿಲ್ಲದೆ ನೂರಾರು ಜನಕ್ಕೆ ಬೇಯಿಸಿ ಬಡಿಸುತ್ತಾರೆ. ಅಮೆರಿಕದಲ್ಲಿ ನೆಲೆಸಿದ ನಮ್ಮವರ ಮಕ್ಕಳೂ ಅಲ್ಲಿಯ ಶಾಲೆಗಳ ಬ್ಯಾಂಡ್ ಸೇರಿ ಈ ವಿದ್ಯೆಯ ರುಚಿ ಹಿಡಿಸಿಕೊಂಡಿದ್ದಾರಾದುದರಿಂದ, ವೀಣೆ ಕೊಳಲುಗಳ ಕಛೇರಿಗಳ ನಡುವೆ ಬೆಳೆದ ಅಜ್ಜ ಅಜ್ಜಿಯರು ಕೂಡ ಕ್ರೀಡಾಂಗಣಗಳ ಉಕ್ಕಿನ ಬೆಂಚುಗಳ ಮೇಲೆ ಕುಳಿತು ಮೊಮ್ಮಕ್ಕಳ ನಗಾರಿಯನ್ನು ಆಲಿಸುವ ಯೋಗ ಒದಗಿದೆ. ಇಷ್ಟೆಲ್ಲ ತಪಸ್ಸಿಗೆ ಸ್ಪರ್ಧೆಯ ದಿನ ದೊರೆಯುವ ಅವಕಾಶವಾದರೋ ಹನ್ನೊಂದು ಹನ್ನೆರಡು ನಿಮಿಷ ಮಾತ್ರ. ಒಂದು ವೃಂದ ಒಂದು ಸಂಜೆಯಲ್ಲಿ ಒಮ್ಮೆ ಬರುತ್ತದೆ, ನುಡಿಸುತ್ತದೆ, ಹೊರಟುಹೋಗುತ್ತದೆ. ಅದನ್ನು ತಪ್ಪಿಸಿಕೊಂಡವನಿಗೆ ಆ ಸಂಜೆಯಲ್ಲಿ ಎರಡನೆಯ ಅವಕಾಶವಿಲ್ಲ.

ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವ ಅಳಲಿಗೆ ಮೂಲವಾದುದು ಈ ಅಲ್ಪತ್ವವೇ. ಚಲನಚಿತ್ರಕ್ಕೆ ಹತ್ತು ನಿಮಿಷ ತಡವಾಗಿ ಹೋದವನು ಕಥೆಯ ಎಳೆಯನ್ನು ಊಹಿಸಿಕೊಳ್ಳಬಲ್ಲನು. ಮೂರು ಗಂಟೆಯ ಕಛೇರಿಗೆ ತಡವಾದವನು ವರ್ಣವನ್ನು ಕಳೆದುಕೊಂಡರೂ ರಾಗ ತಾನ ಪಲ್ಲವಿಯನ್ನು ಕೇಳಿಯೇ ಮನೆಗೆ ಮರಳುವನು. ನಡೆವ ವಾದ್ಯವೃಂದಗಳ ಪ್ರದರ್ಶನದಲ್ಲಿ ಮಾತ್ರ, ದ್ವಾರದಲ್ಲಿ ನಿಂತು ಕಳೆದ ಹತ್ತು ನಿಮಿಷವೆಂದರೆ ಒಂದು ಪೂರ್ಣ ಕೃತಿಯ ನಷ್ಟ, ನೂರೈವತ್ತು ಮಕ್ಕಳ ಒಂದು ಬೇಸಿಗೆಯ ನಷ್ಟ. ಹೀಗಿರುವಲ್ಲಿ, ಪ್ರವೇಶದ್ವಾರದ ವ್ಯವಸ್ಥೆಯನ್ನು ಕಲೆಗೆ ಹೊರಗಿನ ಸಂಗತಿಯೆಂದು ಎಣಿಸುವುದು ಎಷ್ಟರಮಟ್ಟಿಗೆ ಸರಿ?

ಅಮೆರಿಕದ ಮಧ್ಯಪಶ್ಚಿಮ ಸೀಮೆಯ ಒಂದು ಊರಿನಲ್ಲಿ ಇಂತಹ ಬೇಸಿಗೆ ಪ್ರದರ್ಶನವೊಂದಕ್ಕೆ ಹೋಗಿದ್ದಾಗ ಕಂಡುದನ್ನು ಹೇಳುತ್ತೇನೆ. ಊರಿನ ಹೆಸರಾಗಲಿ ಕ್ರೀಡಾಂಗಣದ ಹೆಸರಾಗಲಿ ಇಲ್ಲಿ ಅನಾವಶ್ಯಕ. ಒಳಹೋಗುವವರ ಸಾಲು ಕಟ್ಟಡದ ಒಂದು ಮೂಲೆಯನ್ನು ಬಳಸಿ, ವಾಹನ ನಿಲ್ಲಿಸುವ ಬಯಲಿನವರೆಗೂ ಚಾಚಿಕೊಂಡಿತ್ತು. ತೆರೆದಿದ್ದ ಬಾಗಿಲುಗಳು ಕೆಲವೇ. ಉಳಿದವುಗಳ ಮುಂದೆ ಕಬ್ಬಿಣದ ಬೇಲಿಗಳನ್ನು ಅಡ್ಡವಿಟ್ಟಿದ್ದರು. ನನ್ನ ಮುಂದೆ ವೃದ್ಧ ದಂಪತಿ ನಿಂತಿದ್ದರು. ಮೊಮ್ಮಗ ಎರಡನೆಯದಾಗಿ ಬರಲಿದ್ದ ವೃಂದದಲ್ಲಿ ನಗಾರಿ ನುಡಿಸುವನೆಂದು ಆ ಅಜ್ಜಿ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡಿದ್ದರು. ತಪಾಸಣೆಯ ಮೇಜನ್ನು ಮುಟ್ಟುವ ಹೊತ್ತಿಗೆ, ಅವರ ಕೈಯಲ್ಲಿದ್ದ ಬಟ್ಟೆಯ ಚೀಲ ಒಳಗೆ ಹೋಗುವಂತಿಲ್ಲವೆಂದು ತಿಳಿದುಬಂತು. ಅದರಲ್ಲಿದ್ದುದು ಒಂದು ಉಣ್ಣೆಯ ಶಾಲು, ಮಾತ್ರೆಗಳ ಒಂದು ಡಬ್ಬಿ, ಕುಳಿತುಕೊಳ್ಳಲು ಒಂದು ಮೆತ್ತೆ, ಎರಡು ಬಾಳೆಯ ಹಣ್ಣು. ಚೀಲ ಪಾರದರ್ಶಕವಾಗಿರಬೇಕು, ಇದು ಅಲ್ಲ, ಕಾರಿನಲ್ಲಿಟ್ಟು ಬರಬೇಕು. ಕಾವಲಿನ ಹುಡುಗಿ ಒರಟಾಗಿ ನುಡಿಯಲಿಲ್ಲ, ಅವಳಿಗೆ ಕೊಟ್ಟಿದ್ದ ಆಜ್ಞೆ ಅದು. ಮುದುಕರು ಚೀಲವನ್ನು ಹಿಡಿದು ದೂರದ ಬಯಲಿಗೆ ಮರಳಿ ನಡೆದರು. ಅಜ್ಜಿ ಮಾತ್ರೆಯ ಡಬ್ಬಿಯನ್ನು ಅಂಗೈಯಲ್ಲಿ ಒತ್ತಿಕೊಂಡು ಬೇಲಿಯ ಪಕ್ಕದಲ್ಲಿ ನಿಂತರು. ಅಷ್ಟರಲ್ಲಿ ಗೋಡೆಯಾಚೆಯಿಂದ ದೊಡ್ಡ ನಗಾರಿಗಳ ಮೊದಲ ಪೆಟ್ಟು ಕೇಳಿಬಂದು, ಸಾಲಿನ ಉದ್ದಕ್ಕೂ ಜನ ಒಮ್ಮೆಲೇ ತಲೆಯೆತ್ತಿದರು. ಒಳಗಿನ ಸಂಗೀತವನ್ನು ಹೊರಗೆ ನಿಂತು ಕೇಳುವುದು, ಅದೂ ಹಣ ತೆತ್ತ ಟಿಕೇಟನ್ನು ಕೈಯಲ್ಲಿ ಹಿಡಿದು ಕೇಳುವುದು, ಎಂತಹ ಸಂಕಟವೆಂಬುದನ್ನು ಆ ಮುಖಗಳು ಹೇಳುತ್ತಿದ್ದುವು.

ಮುದುಕರು ಏದುಸಿರು ಬಿಡುತ್ತ ಬಂದರು. ಅವರ ಸೊಂಟದ ಪಟ್ಟಿಯ ಕೊಂಡಿಗೆ ಲೋಹಶೋಧಕದ ಚೌಕಟ್ಟು ಕೂಗಿಕೊಂಡಿತು. ಪಟ್ಟಿಯನ್ನು ಬಿಚ್ಚಿ ತಟ್ಟೆಯಲ್ಲಿಟ್ಟು ಮತ್ತೊಮ್ಮೆ ಹಾದುಬರಬೇಕಾಯಿತು. ಅನಂತರ ಟಿಕೇಟನ್ನು ಯಂತ್ರಕ್ಕೆ ತೋರಿಸುವ ಇನ್ನೊಂದು ಸಾಲು. ಅಲ್ಲಿ ಮೊಬೈಲಿನಲ್ಲಿದ್ದ ಟಿಕೇಟು ತೆರೆದುಕೊಳ್ಳಲು ಸಂಕೇತ ದೊರೆಯದೆ ಮತ್ತಷ್ಟು ವಿಳಂಬ. ಕೊನೆಗೆ ಮೆಟ್ಟಿಲ ಬಾಯಿಗೆ ಬಂದಾಗ, ಎರಡನೆಯ ವೃಂದ ಆಗಲೇ ಆರಂಭಿಸಿತ್ತು. ಸ್ವಯಂಸೇವಕನೊಬ್ಬ ಹಗ್ಗ ಹಿಡಿದು, ಈ ಪ್ರದರ್ಶನ ಮುಗಿಯುವ ತನಕ ಯಾರೂ ಆಸನಗಳ ನಡುವೆ ಹೋಗಬಾರದೆಂದು ತಡೆದನು. ಆ ಅಜ್ಜಿ ಅವನ ಹೆಗಲ ಮೇಲಿಂದ ಇಣುಕಿ ನೋಡಿದರು. ದೂರದಲ್ಲಿ ಒಂದೇ ಬಗೆಯ ಉಡುಪಿನ, ಒಂದೇ ಬಗೆಯ ಟೋಪಿಯ ಹುಡುಗರು ಸಾಲುಸಾಲಾಗಿ ಸರಿದುಹೋಗುತ್ತಿದ್ದರು. ಅವರಲ್ಲಿ ತಮ್ಮ ಮೊಮ್ಮಗ ಯಾವನೆಂದು ಗುರುತಿಸುವಷ್ಟು ಹೊತ್ತು ಅವರಿಗೆ ದೊರೆಯಲಿಲ್ಲ.

ಹಗ್ಗ ಹಿಡಿದ ಆ ಸ್ವಯಂಸೇವಕನನ್ನು ನಾನು ದೂಷಿಸಲಾರೆ. ಪ್ರದರ್ಶನದ ನಡುವೆ ಜನ ಓಡಾಡಬಾರದೆಂಬುದು ಈ ಕಲೆಯ ರಸಿಕರೇ ಬೆಳೆಸಿಕೊಂಡು ಬಂದ ಮರ್ಯಾದೆ. ಅದು ಕುಳಿತವರಿಗೂ ಸಲ್ಲುವ ಗೌರವ, ನುಡಿಸುವವರಿಗೂ ಸಲ್ಲುವ ಗೌರವ. ಚೀಲವನ್ನು ತಡೆದವಳನ್ನೂ ದೂಷಿಸಲಾರೆ. ಆದರೆ ಎರಡು ಯುಕ್ತವಾದ ನಿಯಮಗಳನ್ನು, ಒಂದರ ಅರಿವು ಇನ್ನೊಂದಕ್ಕಿಲ್ಲದಂತೆ, ಅಕ್ಕಪಕ್ಕದಲ್ಲಿ ಇರಿಸಿದರೆ ಅವುಗಳ ಸಂಧಿಯಲ್ಲಿ ಒಂದು ಅನ್ಯಾಯ ಹುಟ್ಟುತ್ತದೆ. ಹೊರಗೆ ತಡೆಯುವವನಿಗೆ ಒಳಗಿನ ಸಮಯಪಟ್ಟಿ ತಿಳಿಯದು. ಒಳಗೆ ತಡೆಯುವವನಿಗೆ ಹೊರಗಿನ ಸಾಲು ಕಾಣದು. ಇಬ್ಬರ ನಡುವಣ ಹೊಣೆ ಹೊತ್ತವರು ಅಲ್ಲಿ ಯಾರೂ ಇರಲಿಲ್ಲ.

ತಪಾಸಣೆಯೇ ಬೇಡವೆಂದು ವಾದಿಸುವುದು ನನ್ನ ಉದ್ದೇಶವಲ್ಲ. 2013ರ ಏಪ್ರಿಲ್ 15ರಂದು ಬಾಸ್ಟನ್ ಮ್ಯಾರಥಾನ್ ಓಟದ ಮುಕ್ತಾಯದ ಗೆರೆಯ ಬಳಿ ಚೀಲಗಳಲ್ಲಿಟ್ಟಿದ್ದ ಬಾಂಬುಗಳು ಸಿಡಿದುವು. ಅದೇ ವರ್ಷ ಅಮೆರಿಕದ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ತನ್ನ ಕ್ರೀಡಾಂಗಣಗಳಿಗೆಲ್ಲ ಪಾರದರ್ಶಕ ಚೀಲದ ನಿಯಮವನ್ನು ತಂದಿತು. ಹನ್ನೆರಡು ಅಂಗುಲ ಅಗಲ, ಹನ್ನೆರಡು ಅಂಗುಲ ಎತ್ತರ, ಆರು ಅಂಗುಲ ದಪ್ಪ; ಇದಕ್ಕಿಂತ ದೊಡ್ಡ ಚೀಲ ಸಲ್ಲದು, ಇದರೊಡನೆ ಅಂಗೈಯಗಲದ ಒಂದು ಪುಟ್ಟ ಪರ್ಸು ಸಲ್ಲುತ್ತದೆ. 2015ರ ನವೆಂಬರ್ 13ರಂದು ಪ್ಯಾರಿಸ್‌ನ ಸ್ಟಾಡ್ ಡ ಫ್ರಾನ್ಸ್ ಕ್ರೀಡಾಂಗಣಕ್ಕೆ ಬಾಂಬು ಕಟ್ಟಿಕೊಂಡು ಬಂದ ಮೂವರು ಹೊರಗೇ ಸಿಡಿದುಕೊಂಡರು. ಒಳಗೆ ಸೇರಿದ್ದ ಸಾವಿರಾರು ಪ್ರೇಕ್ಷಕರು ಉಳಿದರು. ಇವನ್ನೆಲ್ಲ ಬಲ್ಲವನು ಲೋಹಶೋಧಕದ ಚೌಕಟ್ಟನ್ನು ಹಾದುಹೋಗುವಾಗ ಗೊಣಗಬಾರದು. ಆದರೆ ಆ ವರ್ಷಗಳ ಇತಿಹಾಸ ಕಲಿಸುವ ಪಾಠ ಅಷ್ಟಕ್ಕೇ ಮುಗಿಯುವುದಿಲ್ಲ. 2017ರ ಮೇ 22ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಸಂಗೀತ ಪ್ರದರ್ಶನವೊಂದು ಮುಗಿದು ಜನ ಹೊರಬರುತ್ತಿದ್ದ ಹಜಾರದಲ್ಲಿಯೇ ದುಷ್ಟನೊಬ್ಬ ತನ್ನನ್ನು ಸಿಡಿಸಿಕೊಂಡು 22 ಮಂದಿಯನ್ನು ಬಲಿತೆಗೆದುಕೊಂಡನು. ನಮ್ಮ ಬೆಂಗಳೂರಿನಲ್ಲಿ, 2025ರ ಜೂನ್ 4ರಂದು, ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಬಳಿ ವಿಜಯೋತ್ಸವಕ್ಕೆಂದು ನೆರೆದವರ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಬಿಟ್ಟರು. ಅಲ್ಲಿ ಬಾಂಬಿರಲಿಲ್ಲ, ವೈರಿಯಿರಲಿಲ್ಲ, ಹಬ್ಬಕ್ಕೆಂದು ಬಂದ ಜನರೇ ಇದ್ದುದು. ಬಾಗಿಲ ಹೊರಗೆ ಒತ್ತೊತ್ತಾಗಿ ನಿಂತ ಜನಸಮೂಹವೇ ಒಂದು ಅಪಾಯವೆಂಬುದಕ್ಕೆ ಇದಕ್ಕಿಂತ ದಾರುಣವಾದ ಸಾಕ್ಷ್ಯ ಬೇಕೆ? ಒಳಗಿನವರ ರಕ್ಷಣೆಗೆಂದು ಮಾಡಿದ ಏರ್ಪಾಡು ಹೊರಗಿನವರನ್ನು ಗಂಟೆಗಟ್ಟಲೆ ಇಕ್ಕಟ್ಟಿನಲ್ಲಿ ನಿಲ್ಲಿಸಿದರೆ, ಅದು ಭದ್ರತೆಯ ಹೆಸರಿನಲ್ಲಿ ಭದ್ರತೆಯನ್ನೇ ಕೆಡಿಸಿದಂತೆ. ಸಾಲನ್ನು ಬೇಗ ಕರಗಿಸುವುದೂ ರಕ್ಷಣೆಯ ಕಾರ್ಯವೇ ಆಗಿದೆ.

ಈ ತೊಡಕಿನ ಮೂಲವನ್ನು ಹುಡುಕಿದರೆ, ಆಟಕ್ಕಾಗಿ ರೂಪಿಸಿದ ಕಟ್ಟಳೆಯನ್ನು ಸಂಗೀತಕ್ಕೆ ಹಾಗೆಹಾಗೆಯೇ ತೊಡಿಸಿರುವುದು ಕಾಣುತ್ತದೆ. ಫುಟ್‌ಬಾಲ್ ಪಂದ್ಯ ಮೂರು ಗಂಟೆಗಳ ವ್ಯವಹಾರ. ಜನ ಒಮ್ಮೆ ಬರುತ್ತಾರೆ, ಒಮ್ಮೆ ಹೋಗುತ್ತಾರೆ, ನಡುವೆ ಹತ್ತು ನಿಮಿಷ ತಪ್ಪಿದರೂ ಪಂದ್ಯ ತಪ್ಪುವುದಿಲ್ಲ. ಡ್ರಮ್ ಕೋರ್ ಸ್ಪರ್ಧೆಯ ಮೊದಲ ದಿನವಾದರೋ ಬೆಳಗಿನಿಂದ ರಾತ್ರಿಯವರೆಗೆ ವೃಂದದ ಹಿಂದೆ ವೃಂದ ಬರುತ್ತಲೇ ಇರುತ್ತದೆ. ಅಷ್ಟು ದೀರ್ಘವಾದ ದಿನದಲ್ಲಿ ಪ್ರೇಕ್ಷಕನು ಹೊರಗೆ ಹೋಗಿ ಉಂಡು, ಸ್ವಲ್ಪ ಗಾಳಿ ಸೇವಿಸಿ ಮರಳಿ ಬರಬಯಸುವುದು ಸಹಜ. ಒಮ್ಮೆ ಹೊರಬಿದ್ದವನಿಗೆ ಮರುಪ್ರವೇಶವಿಲ್ಲವೆಂಬ ನಿಯಮ ಅನೇಕ ಕ್ರೀಡಾಂಗಣಗಳಲ್ಲಿದ್ದು, ಮೂರು ಗಂಟೆಯ ಪಂದ್ಯಕ್ಕೆ ಅದು ಒಪ್ಪೀತು, ಹನ್ನೆರಡು ಗಂಟೆಯ ಸಂಗೀತೋತ್ಸವಕ್ಕೆ ಖಂಡಿತ ಒಪ್ಪದು.

ಇನ್ನೊಂದು ವಿಶೇಷವನ್ನು ಹೊರಗಿನವರು ಅರಿಯರು. ಈ ಕಲೆಯ ನಿಜವಾದ ರಸಿಕನಿಗೆ ಪ್ರದರ್ಶನ ಆರಂಭವಾಗುವುದು ಕ್ರೀಡಾಂಗಣದ ಒಳಗಲ್ಲ, ವಾಹನ ನಿಲ್ಲಿಸುವ ಬಯಲಿನಲ್ಲಿ. ತಮ್ಮ ಸರದಿಗೆ ಮುನ್ನ ವೃಂದಗಳು ಅಲ್ಲಿ ಅರ್ಧವೃತ್ತಾಕಾರವಾಗಿ ನಿಂತು ಉಸಿರನ್ನು ಹದಗೊಳಿಸುತ್ತವೆ, ನಗಾರಿಯವರು ಒಂದೇ ಪಾಠವನ್ನು ನಿಧಾನವಾಗಿಯೂ ದ್ರುತವಾಗಿಯೂ ಆವರ್ತಿಸುತ್ತಾರೆ. ಕೋಲಿನ ಎತ್ತರ ಒಂದು ಬೆರಳಷ್ಟೂ ವ್ಯತ್ಯಾಸವಾಗದಂತೆ ಎಂಟೊಂಬತ್ತು ಜೊತೆ ಕೈಗಳು ಏಳುವುದನ್ನೂ ಇಳಿಯುವುದನ್ನೂ ಎರಡು ಗಜದ ದೂರದಿಂದ ನೋಡುವ ಭಾಗ್ಯ ಅಲ್ಲಿ ಮಾತ್ರ ಲಭ್ಯ. ಆದುದರಿಂದ ತಿಳಿದವರೆಲ್ಲ ಕೊನೆಯ ಕ್ಷಣದವರೆಗೆ ಆ ಬಯಲಿನಲ್ಲಿಯೇ ಉಳಿದು, ವೃಂದ ಒಳಗೆ ಹೊರಟಾಗ ತಾವೂ ಒಮ್ಮೆಲೇ ದ್ವಾರದ ಕಡೆಗೆ ಧಾವಿಸುತ್ತಾರೆ. ಬೇಗ ಬನ್ನಿರೆಂದು ಫಲಕ ಹಾಕಿದ ಮಾತ್ರಕ್ಕೆ ಈ ಅಭ್ಯಾಸ ಬದಲಾಗದು. ಬದಲಾಗಬಾರದೆಂದೇ ನನ್ನ ಅಭಿಪ್ರಾಯ. ಕಲೆಯ ಮೇಲಣ ಪ್ರೀತಿಯಿಂದ ಹುಟ್ಟಿದ ರೂಢಿಯನ್ನು ಅರಿತು ದ್ವಾರಗಳನ್ನು ಏರ್ಪಡಿಸಬೇಕೇ ಹೊರತು, ದ್ವಾರಗಳ ಅನುಕೂಲಕ್ಕಾಗಿ ರೂಢಿಯನ್ನು ಹೊಸಕಬಾರದು.

ಇದು ಅಸಾಧ್ಯವೇನೂ ಅಲ್ಲ, ಸರಳವಾದ ಗಣಿತ. ಒಬ್ಬರ ತಪಾಸಣೆಗೆ ಹತ್ತು ಸೆಕೆಂಡು ಹಿಡಿಯುವುದೆಂದು ಭಾವಿಸಿದರೆ, ಒಂದು ಸಾಲಿನಲ್ಲಿ ನಿಮಿಷಕ್ಕೆ ಆರು ಮಂದಿ, ಮುಕ್ಕಾಲು ಗಂಟೆಗೆ 270 ಮಂದಿ ಒಳಗೆ ಹೋಗುತ್ತಾರೆ. ಕೊನೆಯ ಮುಕ್ಕಾಲು ಗಂಟೆಯಲ್ಲಿ 10,000 ಮಂದಿ ಬರುವರೆಂದಾದರೆ ಕನಿಷ್ಠ 38 ಸಾಲುಗಳು ಬೇಕು. ಖರ್ಚು ಉಳಿಸಲೆಂದು 30 ಸಾಲುಗಳನ್ನು ಮಾತ್ರ ತೆರೆದರೆ, ಮೊದಲ ವೃಂದ ಕೋಲೆತ್ತುವ ಹೊತ್ತಿಗೆ 1,900 ಮಂದಿ ಹೊರಗೇ ಉಳಿದಿರುತ್ತಾರೆ. ಅವರಲ್ಲಿ ಕೊನೆಯವನು ಒಳಗೆ ಸೇರುವ ವೇಳೆಗೆ ಹತ್ತು ನಿಮಿಷ ಮೀರಿ, ಒಂದು ಪ್ರದರ್ಶನವೇ ಮುಗಿಯುತ್ತ ಬಂದಿರುತ್ತದೆ. ಎಂಟು ಸಾಲುಗಳ ಉಳಿತಾಯಕ್ಕೆ ಒಂದು ವೃಂದದ ಬೇಸಿಗೆಯನ್ನು ತೆತ್ತಂತಾಯಿತು. ಡೆನ್ಮಾರ್ಕಿನ ಎರ್ಲಾಂಗ್ ಎಂಬ ಗಣಿತಜ್ಞ ದೂರವಾಣಿ ಕರೆಗಳ ದಟ್ಟಣೆಯನ್ನು ಅಭ್ಯಾಸ ಮಾಡಿ 1909ರಲ್ಲಿಯೇ ಈ ಶಾಸ್ತ್ರಕ್ಕೆ ಅಡಿಪಾಯ ಹಾಕಿದನು. ಬರುವವರ ಸಂಖ್ಯೆ ಒಳಬಿಡುವ ಸಾಮರ್ಥ್ಯವನ್ನು ಸಮೀಪಿಸುತ್ತ ಹೋದಂತೆ ಸಾಲು ಹಂತಹಂತವಾಗಿ ಬೆಳೆಯದೆ ಒಮ್ಮೆಲೇ ಉಬ್ಬಿಬಿಡುತ್ತದೆಂಬುದು ಆ ಶಾಸ್ತ್ರ ತೋರಿಸಿಕೊಟ್ಟ ಸತ್ಯ. ಡೇವಿಡ್ ಮೈಸ್ಟರ್ ಎಂಬ ವಿದ್ವಾಂಸ 1985ರಲ್ಲಿ, ಕಾಯುವವರ ಮನಸ್ಸಿನ ಬಗೆಗೆ ಬರೆದ ಪ್ರಬಂಧದಲ್ಲಿ, ಕಾರಣ ತಿಳಿಸದ ನಿರೀಕ್ಷೆ ಕಾರಣ ತಿಳಿಸಿದ ನಿರೀಕ್ಷೆಗಿಂತ ದೀರ್ಘವಾಗಿ ತೋರುತ್ತದೆಂದು ವಿವರಿಸಿದ್ದಾನೆ. ನಾನು ನಿಂತ ಸಾಲಿನಲ್ಲಿಯೂ ಜನರನ್ನು ಹೆಚ್ಚಾಗಿ ಕೆರಳಿಸಿದುದು ವಿಳಂಬಕ್ಕಿಂತ ಮಿಗಿಲಾಗಿ ಮೌನ. ಇನ್ನೆಷ್ಟು ಹೊತ್ತು, ಒಳಗೆ ಯಾರು ನುಡಿಸುತ್ತಿದ್ದಾರೆ, ಯಾವ ಬಾಗಿಲಲ್ಲಿ ಸಾಲು ಚಿಕ್ಕದಾಗಿದೆ ಎಂದು ಹೇಳುವ ಒಂದು ಧ್ವನಿಯೂ ಅಲ್ಲಿರಲಿಲ್ಲ.

ಈ ಕಷ್ಟ ಒಂದು ದೇಶಕ್ಕೆ ಸೀಮಿತವಾದುದಲ್ಲ. 1950ರಿಂದ ನಡೆದುಬಂದಿರುವ ಎಡಿನ್‌ಬರೋ ಮಿಲಿಟರಿ ಟ್ಯಾಟೂ ಉತ್ಸವದಲ್ಲಿ, ಕೋಟೆಯ ಮುಂದಣ ಅಂಗಳಕ್ಕೆ ಏರಿಹೋಗುವ ಇಕ್ಕಟ್ಟಾದ ಬೀದಿಯೊಂದರಲ್ಲಿ ಸಾವಿರಾರು ಜನ ಸಾಲುಗಟ್ಟುತ್ತಾರೆ. ದಿಲ್ಲಿಯ ವಿಜಯ್ ಚೌಕದಲ್ಲಿ ಜನವರಿ 29ರ ಸಂಜೆ ಮೂರೂ ಸೇನೆಗಳ ವಾದ್ಯವೃಂದಗಳು ರೈಸಿನಾ ದಿಬ್ಬದ ಹಿನ್ನೆಲೆಯಲ್ಲಿ ನಡೆಯಿಸುವ ಬೀಟಿಂಗ್ ರಿಟ್ರೀಟ್ ಸೂರ್ಯಾಸ್ತಕ್ಕೆ ಹೊಂದಿಸಿದ ಸಮಾರಂಭವಾದುದರಿಂದ, ಅಲ್ಲಿ ತಡವಾಗಿ ಬಂದವರಿಗಾಗಿ ಯಾರೂ ಕಾಯುವಂತಿಲ್ಲ. ಪ್ರೇಕ್ಷಕರು ಬಹಳ ಮುಂಚೆಯೇ ತಪಾಸಣೆ ಮುಗಿಸಿ ತಮ್ಮ ತಮ್ಮ ಆವರಣಗಳಲ್ಲಿ ಕುಳಿತಿರಬೇಕು.

ನಮ್ಮ ಮೈಸೂರಿನ ವಿಷಯ ಹೇಳದೆ ಮುಂದೆ ಹೋಗಲಾರೆ. ಅರಸರ ಕಾಲದಲ್ಲಿ ಅರಮನೆಯ ಆಶ್ರಯದಲ್ಲಿ ಬೆಳೆದ ಬ್ಯಾಂಡಿನ ಪರಂಪರೆ ಇಂದು ರಾಜ್ಯದ ಪೊಲೀಸ್ ವಾದ್ಯವೃಂದದಲ್ಲಿ ಜೀವಂತವಾಗಿದೆ; ಪಾಶ್ಚಾತ್ಯ ಸಂಗೀತ ನುಡಿಸುವ ಇಂಗ್ಲಿಷ್ ಬ್ಯಾಂಡಿನ ಜೊತೆಗೆ ನಮ್ಮ ರಾಗಗಳನ್ನು ನುಡಿಸುವ ಕರ್ನಾಟಕ ಬ್ಯಾಂಡೂ ಇರುವುದು ನಾಡು ಹೆಮ್ಮೆಪಡತಕ್ಕ ವಿಷಯ. ವಿಜಯದಶಮಿಯ ಜಂಬೂಸವಾರಿ ಅರಮನೆಯಿಂದ ಹೊರಟು ಸುಮಾರು ಐದು ಕಿಲೋಮೀಟರ್ ದೂರದ ಬನ್ನಿಮಂಟಪದ ಕಡೆಗೆ ಸಾಗುತ್ತದೆ. ಅದೇ ಸಂಜೆ ಬನ್ನಿಮಂಟಪದ ಮೈದಾನದಲ್ಲಿ ಪಂಜಿನ ಕವಾಯತು. ಮೆರವಣಿಗೆಯನ್ನು ನೋಡಿದವರು ಕವಾಯತನ್ನೂ ನೋಡಬೇಕೆಂದು ಬಯಸುವುದರಿಂದ, ಒಂದು ಊರಿನಷ್ಟು ಜನ ಒಂದೇ ದಿಕ್ಕಿಗೆ, ಒಂದೇ ಹೊತ್ತಿಗೆ, ಬೇಲಿ ಕಟ್ಟಿದ ರಸ್ತೆಗಳಲ್ಲಿ ಹರಿಯತೊಡಗುತ್ತಾರೆ. ಕೈಯಲ್ಲಿ ಪಾಸಿದ್ದೂ ದ್ವಾರದ ಹೊರಗೇ ಉಳಿದು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹಿಂದಿರುಗಿದವರ ಅಳಲನ್ನು ದಸರೆ ಮುಗಿದ ಮೇಲೆ ನಾವು ಹಲವು ಸಲ ಕೇಳಿದ್ದೇವೆ. ಆಸನಗಳಿಗಿಂತ ಹೆಚ್ಚು ಪಾಸು ಹಂಚುವುದು ಜನರಿಗೆ ಮಾಡುವ ವಂಚನೆಯೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ. ಪಾಸು ಎಂಬುದು ಒಂದು ವಚನ. ಅದನ್ನು ಕೊಟ್ಟವರು ಅದಕ್ಕೆ ಬದ್ಧರಾಗಿರಬೇಕು.

ಏರ್ಪಾಡುಗಳನ್ನು ಮಾಡುವವರಲ್ಲಿ ನನ್ನ ವಿನಂತಿ ಬಹಳ ದೊಡ್ಡದಲ್ಲ. ತರಬಾರದ ವಸ್ತುಗಳ ಪಟ್ಟಿಯನ್ನು ಟಿಕೇಟಿನ ಮೇಲೂ ವಾಹನ ನಿಲ್ಲಿಸುವ ಬಯಲಿನಲ್ಲಿಯೂ ದೊಡ್ಡ ಅಕ್ಷರಗಳಲ್ಲಿ ಹಾಕಿದರೆ, ಜನ ಮೇಜಿನವರೆಗೂ ಹೋಗಿ ಹಿಂದಿರುಗುವ ಕಷ್ಟ ತಪ್ಪುತ್ತದೆ. ಚೀಲವಿಲ್ಲದೆ ಬಂದವರಿಗೆ ಬೇರೆ ಸಾಲು, ಮುದುಕರಿಗೂ ಅಂಗವಿಕಲರಿಗೂ ಹಸುಗೂಸಿನ ತಾಯಂದಿರಿಗೂ ಕುರ್ಚಿಗಳಿರುವ ಬೇರೆ ಸಾಲು, ಔಷಧವನ್ನು ವಿವೇಕದಿಂದ ನೋಡುವ ಅಧಿಕಾರವುಳ್ಳ ಒಬ್ಬ ಹಿರಿಯ ಸಿಬ್ಬಂದಿ, ಚೀಲವನ್ನು ಚೀಟಿ ಕೊಟ್ಟು ಇರಿಸಿಕೊಳ್ಳುವ ಒಂದು ಕಪಾಟು, ಇವಕ್ಕೆ ತಗಲುವ ವೆಚ್ಚ ಅಲ್ಪ. ದೀರ್ಘ ಉತ್ಸವಗಳಲ್ಲಿ ಮುಂಗೈಗೆ ಪಟ್ಟಿ ಕಟ್ಟಿ, ಎರಡನೆಯ ಸಲವೂ ತಪಾಸಣೆಗೆ ಒಳಪಡಿಸಿಯೇ, ಮರುಪ್ರವೇಶ ಕೊಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ದ್ವಾರದ ಮೇಲ್ವಿಚಾರಕನ ಕೈಯಲ್ಲಿ ಒಳಗಿನ ಸಮಯಪಟ್ಟಿಯಿರಬೇಕು, ರಂಗದ ಮೇಲ್ವಿಚಾರಕನಿಗೆ ಹೊರಗಿನ ಸಾಲಿನ ಉದ್ದ ತಿಳಿದಿರಬೇಕು; ಹೊರಗೆ ಸಾವಿರ ಜನ ನಿಂತಿರುವುದು ತಿಳಿದಾಗ ಮೊದಲ ವೃಂದವನ್ನು ಐದು ನಿಮಿಷ ತಡೆದು ನಿಲ್ಲಿಸುವ ಅಧಿಕಾರ ಅವನಿಗಿರಬೇಕು. ಮೊದಲು ನುಡಿಸುವವರು ಸಾಮಾನ್ಯವಾಗಿ ಚಿಕ್ಕ ಊರುಗಳ, ಹೊಸದಾಗಿ ಕಟ್ಟಿದ, ಹೆಸರಿಲ್ಲದ ವೃಂದಗಳ ಮಕ್ಕಳು. ಹೆಸರಾಂತ ವೃಂದ ಬರುವ ಹೊತ್ತಿಗೆ ಹೇಗೂ ಸಾಲು ಕರಗಿರುತ್ತದೆ. ಬರಿದಾದ ಬೆಂಚುಗಳ ಮುಂದೆ ನುಡಿಸಬೇಕಾಗುವುದು ಪ್ರೋತ್ಸಾಹ ಅತ್ಯಗತ್ಯವಾದ ಈ ಮಕ್ಕಳೇ.

ಪ್ರೇಕ್ಷಕರ ಪಾಲಿನ ಕರ್ತವ್ಯವೂ ಇದೆ. ಮುಂದಿನ ದಸರೆಗೆ ಪಂಜಿನ ಕವಾಯತಿಗೆ ಹೊರಡುವ ಓದುಗರು ಚೀಲವನ್ನು ಮನೆಯಲ್ಲಿ ಬಿಟ್ಟು, ಪಾಸಿನ ಮೇಲಿರುವ ದ್ವಾರದ ಸಂಖ್ಯೆಯನ್ನು ಮೊದಲೇ ನೋಡಿಕೊಂಡು, ಹೊತ್ತಿಗೆ ಮುಂಚೆ ಹೋಗಲಿ, ಸಾಲಿನಲ್ಲಿ ತಳ್ಳದಿರಲಿ, ಕಾವಲಿನವರೊಡನೆ ಸೌಜನ್ಯದಿಂದ ಮಾತನಾಡಲಿ. ಇಷ್ಟು ಮಾಡಿಯೂ ಹೊರಗೇ ಉಳಿಯಬೇಕಾಗಿ ಬಂದರೆ, ಮನೆಗೆ ಬಂದು ಮರೆತುಬಿಡಬೇಡಿ. ಯಾವ ದ್ವಾರದಲ್ಲಿ, ಯಾವ ಹೊತ್ತಿನಲ್ಲಿ, ಎಷ್ಟು ಜನರೊಡನೆ ನಿಂತಿರಿ ಎಂಬುದನ್ನು ಮರುದಿನವೇ ಬರೆದು, ಪಾಸಿನ ಪ್ರತಿಯನ್ನು ಜೊತೆಗಿಟ್ಟು, ಉತ್ಸವ ಸಮಿತಿಗೆ ಕಳುಹಿಸಿರಿ, ಉತ್ತರ ಬರುವ ತನಕ ಬಿಡಬೇಡಿರಿ.